ಡಬಲ್ ಸೆವೆನ್ ಅಂದಾಗ ಆ ಕಡೆ ಪೆನ್ನು ನಿಂತಿತು

ಬೆಂಗಳೂರಿನ ಒಂದು ಕಾಲ್ ಸೆಂಟರಿನಲ್ಲಿ ಮೂರು ವರ್ಷ ಯುಕೆ ಗ್ರಾಹಕರ ಬಿಲ್ಲಿಂಗ್ ಕರೆಗಳನ್ನು ನೋಡಿಕೊಳ್ಳುತ್ತಿದ್ದೆ. ಆಮೇಲೆ ಯುಎಸ್ ಪ್ರೋಸೆಸ್‌ಗೆ, ಅಂದರೆ ಅಮೆರಿಕದ ಗ್ರಾಹಕರ ಕರೆ ನೋಡುವ ವಿಭಾಗಕ್ಕೆ ಹಾಕಿದರು. ಉಚ್ಚಾರಣೆಗೆ ಟ್ರೇನಿಂಗ್ ಇತ್ತು, ಅಂಕಿ ಹೇಳುವುದಕ್ಕೆ ಇರಲಿಲ್ಲ. ದಿನವಿಡೀ ನಮ್ಮ ಬಾಯಲ್ಲಿ ಬರುವುದೇ ಅಂಕಿ: ಮೊತ್ತ, ಫೋನ್ ನಂಬರ್, ತಾರೀಖು, ಟೈಮು.

ಮೊದಲ ವಾರವೇ ಒಹಾಯೊದ ಒಬ್ಬ ಅಜ್ಜಿಗೆ ರೆಫರೆನ್ಸ್ ನಂಬರ್ ಕೊಡಬೇಕಾಯಿತು. 477222. 'ಫೋರ್ ಡಬಲ್ ಸೆವೆನ್ ಟ್ರಿಪಲ್ ಟು' ಅಂದೆ. ಕಾಗದದ ಮೇಲೆ ಪೆನ್ನು ಓಡುವ ಸದ್ದು ಕೇಳುತ್ತಿತ್ತು, ಅದು ನಿಂತಿತು. 'ಸಾರಿ, ಡಬಲ್ ವಾಟ್?' ಅಂದರು. ಓದಿ ಹೇಳಿ ಅಂದರೆ ಮೂರೇ ಅಂಕಿ: ಫೋರ್, ಸೆವೆನ್, ಟು. ಆಮೇಲೆ 'ಫೋರ್ ಸೆವೆನ್ ಸೆವೆನ್' ಅಂದು ನಿಲ್ಲಿಸಿ, ಒಂದು ಉಸಿರು ಬಿಟ್ಟು, 'ಟು ಟು ಟು' ಅಂದೆ. ಆರೂ ಅಂಕಿ ಸರಿಯಾಗಿ ಬಂದವು.

ಯುಕೆಯಲ್ಲಿ ಇದು ಪೂರ್ತಿ ಉಲ್ಟಾ. ನಾನು 'ಸೆವೆನ್ ಸೆವೆನ್' ಅಂದರೆ ಅವರೇ 'ಡಬಲ್ ಸೆವೆನ್?' ಅಂತ ಕೇಳಿ ಖಚಿತ ಮಾಡಿಕೊಳ್ಳುತ್ತಿದ್ದರು. ಮೂರು ಸಲ ಬಂದರೆ ಕೆಲವರು 'ಟ್ರೆಬಲ್' ಅನ್ನುತ್ತಾರೆ. ಡಬಲ್, ಟ್ರಿಪಲ್ ನಮಗೂ ಬ್ರಿಟಿಷರಿಂದಲೇ ಬಂದ ರೂಢಿ ಅಲ್ವಾ, ಅದಕ್ಕೇ ನನಗೆ ಅಲ್ಲಿ ಏನೂ ಕಷ್ಟವಾಗಿರಲಿಲ್ಲ. ಅಮೆರಿಕದವರ ಫೋನ್ ನಂಬರ್ ಹತ್ತು ಅಂಕಿ. ಮೂರು, ಮೂರು, ನಾಲ್ಕು ಅಂತ ಮುರಿದು ಹೇಳುತ್ತಾರೆ. ಆ ಲಯ ತಪ್ಪಿದರೆ ಕೇಳುವವರಿಗೆ ದಾರಿ ತಪ್ಪುತ್ತದೆ.

ಸೊನ್ನೆಯೂ ಕಾಡಿದೆ. ಒಬ್ಬ ಬ್ರಿಟಿಷ್ ಗ್ರಾಹಕರು ಮೀಟರ್ ರೀಡಿಂಗ್ ಹೇಳುತ್ತಾ 'ನಾಟ್ ಪಾಯಿಂಟ್ ಫೈವ್' ಅಂದಾಗ, 'ಪಾಯಿಂಟ್ ಫೈವ್ ಅಲ್ಲ' ಅನ್ನುತ್ತಿದ್ದಾರೆ ಅಂದುಕೊಂಡೆ. ನಮ್ಮ ಕಿವಿಗೆ ಅಲ್ಲ ಅನ್ನುವ ನಾಟ್, ಸೊನ್ನೆ ಅನ್ನುವ ನಾಟ್ ಎರಡೂ ಒಂದೇ. ಅಮೆರಿಕದವರು ಇಲ್ಲಿ ಝೀರೋ ಅನ್ನುತ್ತಾರೆ, ಇಲ್ಲವೇ ಸುಮ್ನೆ 'ಪಾಯಿಂಟ್ ಫೈವ್'.

ನನಗೆ ನಿಜವಾಗಿ ಸಹಾಯ ಮಾಡಿದ್ದು ಕನ್ನಡ. ಯುಕೆ ಗ್ರಾಹಕರೊಬ್ಬರು 'ಹಾಫ್ ಸಿಕ್ಸ್‌ಗೆ ಫೋನ್ ಮಾಡಿ' ಅಂದಿದ್ದರು. ಜರ್ಮನ್ ಪ್ರೋಸೆಸ್‌ನ ಗೆಳತಿ ಅದು ಐದೂವರೆ ಅಂದಳು. ಜರ್ಮನ್ ಭಾಷೆಯಲ್ಲಿ ಅದು ಹಾಗೇ. ಐದೂವರೆಗೆ ಮಾಡಿದೆ, ಅವರು ಇನ್ನೂ ಕಾರು ಓಡಿಸುತ್ತಿದ್ದರು. ಬ್ರಿಟಿಷರ ಹಾಫ್ ಸಿಕ್ಸ್ ಅಂದರೆ ನೇರ ನಮ್ಮ ಆರೂವರೆ. 2500 ಪೌಂಡಿಗೆ ಅವರು 'ಟು ಅಂಡ್ ಎ ಹಾಫ್ ಥೌಸಂಡ್' ಅನ್ನುವುದೂ ನಮ್ಮ ಎರಡೂವರೆ ಸಾವಿರವೇ. ಅಮೆರಿಕದಲ್ಲಿ ಅದೇ ಮೊತ್ತ 'ಟ್ವೆಂಟಿ ಫೈವ್ ಹಂಡ್ರೆಡ್', ಅಂದರೆ ಇಪ್ಪತ್ತೈದು ನೂರು. ಇದು ಮಾತ್ರ ಬೇಗ ಕಿವಿಗೆ ಹತ್ತಲಿಲ್ಲ. ಅವರ 'ಕ್ವಾರ್ಟರ್ ಆಫ್ ಎಯ್ಟ್' ಕೂಡ ಅಷ್ಟೇ. ಎಂಟೂಕಾಲು ಅಂತ ಬರೆದುಕೊಂಡಿದ್ದೆ, ಅದು ಏಳೂಮುಕ್ಕಾಲು.

205ಕ್ಕೆ ಬ್ರಿಟಿಷರು 'ಟು ಹಂಡ್ರೆಡ್ ಅಂಡ್ ಫೈವ್' ಅನ್ನುತ್ತಾರೆ. ಅಮೆರಿಕದಲ್ಲಿ ಎಷ್ಟೋ ಜನ ಆ 'ಅಂಡ್' ಬಿಡುತ್ತಾರೆ. ಅಲ್ಲಿನ ಶಾಲೆಗಳಲ್ಲಿ ಅದನ್ನು ದಶಮಾಂಶಕ್ಕೆ, ಸೆಂಟ್ಸ್‌ಗೆ ಮೀಸಲಿಡಿ ಅಂತ ಕಲಿಸುವುದುಂಟು. ನಾನು ಡಾಲರ್, ಸೆಂಟ್ಸ್ ನಡುವೆ ಮಾತ್ರ 'ಅಂಡ್' ಇಟ್ಟುಕೊಂಡೆ. ತಾರೀಖಿಗೆ ತಿಂಗಳ ಹೆಸರನ್ನೇ ಹೇಳುತ್ತೇನೆ. 4/7 ಬ್ರಿಟಿಷರಿಗೆ ಜುಲೈ ನಾಲ್ಕು, ಅಮೆರಿಕದವರಿಗೆ ಏಪ್ರಿಲ್ ಏಳು.

ಅಭ್ಯಾಸ ಮಾಡಿದ್ದು ರಾತ್ರಿ ಕ್ಯಾಬಿನಲ್ಲಿ. ಸಿಲ್ಕ್ ಬೋರ್ಡ್ ಹತ್ತಿರ ಗಾಡಿಗಳು ನಿಂತಾಗ ಮುಂದಿನ ನಂಬರ್ ಪ್ಲೇಟನ್ನು ಮೆಲ್ಲಗೆ ಎರಡು ಥರ ಓದುತ್ತಿದ್ದೆ. 5500 ಇದ್ದರೆ 'ಡಬಲ್ ಫೈವ್ ಡಬಲ್ ಓ', ಆಮೇಲೆ 'ಫೈವ್ ಫೈವ್ ಝೀರೋ ಝೀರೋ'. ಎರಡು ತಿಂಗಳಲ್ಲಿ ನಾಲಿಗೆ ತಾನಾಗಿ ಬದಲಾಯಿತು. ಈಗ ಹೊಸಬರು ಪಕ್ಕದಲ್ಲಿ ಕೂತಾಗ ಅವರ ಕೈಗೆ ಪೆನ್ನು ಕೊಟ್ಟು, ನಾನು ನಂಬರ್ ಹೇಳಿ ಬರೆಸುತ್ತೇನೆ. ಪೆನ್ನು ನಿಲ್ಲುವ ತನಕ ಮುಂದಿನ ಅಂಕಿ ಹೇಳುವುದಿಲ್ಲ.