ಪೋರ್ಟ್‌ಫೋಲಿಯೊ ಕಟ್ಟುವವರಿಗೊಂದು ಜಾಲತಾಣ: ರೂಪಿಸುವುದು ಹೇಗೆ?

ಅಂತಿಮ ವರ್ಷದ ಡಿಸೈನ್ ವಿದ್ಯಾರ್ಥಿಗಳು ಪೋರ್ಟ್‌ಫೋಲಿಯೊ, ಅಂದರೆ ತಮ್ಮ ಆಯ್ದ ಕೆಲಸಗಳ ಸಂಗ್ರಹ, ಜೋಡಿಸಿಕೊಂಡು ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕುವ ಹೊತ್ತಿಗೆ ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಲಿಂಕುಗಳು ರಾಶಿ ಬೀಳತೊಡಗುತ್ತವೆ. ಯಾವುದೋ ದೇಶದ ಹೆಸರಾಂತ ವಿನ್ಯಾಸಕರ ಪುಟಗಳು, ಉಚಿತ ಟೆಂಪ್ಲೇಟುಗಳು, ಎರಡು ಗಂಟೆಯ ವಿಡಿಯೊ ಪಾಠಗಳು ಅದರಲ್ಲಿ ಸೇರಿರುತ್ತವೆ. ಅವನ್ನೆಲ್ಲ ಉಳಿಸಿಟ್ಟುಕೊಂಡ ವಿದ್ಯಾರ್ಥಿನಿ ವಾರ ಕಳೆದರೂ ತನ್ನ ಮೊದಲ ಪುಟದಲ್ಲಿ ಏನನ್ನು ಇಡಬೇಕೆಂದು ತಿಳಿಯದೆ ಕೂತಿರುತ್ತಾಳೆ. ಅವಳಿಗೆ ಕೊರತೆ ಇರುವುದು ಸಾಮಗ್ರಿಯದ್ದಲ್ಲ. ತನ್ನಂತಹ ಇನ್ನೊಬ್ಬರು ಹತ್ತು ಕೆಲಸಗಳಲ್ಲಿ ನಾಲ್ಕನ್ನು ಹೇಗೆ ಆರಿಸಿದರು, ಆರನ್ನು ಏಕೆ ಬಿಟ್ಟರು, ಆರಿಸಿದವನ್ನು ಯಾವ ಮಾತುಗಳಲ್ಲಿ ವಿವರಿಸಿದರು ಎಂಬುದನ್ನು ಹತ್ತಿರದಿಂದ ನೋಡುವ ಅವಕಾಶ ಅವಳಿಗೆ ಸಿಕ್ಕಿಲ್ಲ. ಕಾಲೇಜಿನ ವಿಭಾಗವಾಗಲಿ, ಹಳೆಯ ವಿದ್ಯಾರ್ಥಿಗಳ ಗುಂಪಾಗಲಿ ಅಂಥ ಅವಕಾಶ ಕೊಡುವ ಜಾಲತಾಣವೊಂದನ್ನು ಕಟ್ಟಲು ಹೊರಟರೆ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಕೇಳಿ, ಆಮೇಲೆ ಕಟ್ಟಿ

ತಾಣದ ಬಣ್ಣ, ಹೆಸರು, ಲೋಗೊಗಳ ಚರ್ಚೆಯನ್ನು ಪಕ್ಕಕ್ಕಿಟ್ಟು ಎಂಟು ಹತ್ತು ವಿದ್ಯಾರ್ಥಿಗಳ ಜೊತೆ ಒಬ್ಬೊಬ್ಬರಾಗಿ ಅರ್ಧ ಗಂಟೆ ಕೂತು ಮಾತಾಡುವುದು ಮೊದಲ ಹೆಜ್ಜೆ. 'ನಿಮಗೆ ಏನು ಬೇಕು?' ಎಂದು ಕೇಳಿದರೆ ಎಲ್ಲರೂ 'ಒಳ್ಳೆಯ ಉದಾಹರಣೆಗಳು' ಎನ್ನುತ್ತಾರೆ, ಅದರಿಂದ ಪ್ರಯೋಜನವಿಲ್ಲ. ಅದರ ಬದಲು ಅವರ ಅರ್ಧಂಬರ್ಧ ಪೋರ್ಟ್‌ಫೋಲಿಯೊವನ್ನು ತೆರೆಸಿ, ಕೆಲಸ ಎಲ್ಲಿ ನಿಂತಿತು, ನಿಂತಾಗ ಯಾರನ್ನು ಕೇಳಿದಿರಿ ಎಂದು ವಿಚಾರಿಸಬೇಕು. ಗುಂಪಿನಲ್ಲಿ ಮಾಡಿದ ಕೆಲಸವನ್ನು ನನ್ನದೆಂದು ತೋರಿಸಬಹುದೇ, ತರಗತಿಯ ಅಭ್ಯಾಸಗಳನ್ನು ಹಾಕಬೇಕೇ, ಇಂಗ್ಲಿಷ್ ಸರಿಯಾಗಿ ಬಾರದವರು ಏನು ಮಾಡಬೇಕು ಎಂಬಂಥ ನೈಜ ಪ್ರಶ್ನೆಗಳು ಆಗ ಹೊರಬರುತ್ತವೆ. ಅವನ್ನು ಅವರ ಮಾತಿನಲ್ಲೇ ಬರೆದಿಟ್ಟುಕೊಂಡರೆ ತಾಣದ ಶೀರ್ಷಿಕೆಗಳು ಅರ್ಧ ಸಿದ್ಧವಾದಂತೆ.

ಪೋರ್ಟ್‌ಫೋಲಿಯೊ ಯಾರ ಕೈ ಸೇರುತ್ತದೆ ಎಂಬುದನ್ನೂ ಇದೇ ಹಂತದಲ್ಲಿ ಬೇರ್ಪಡಿಸಿಕೊಳ್ಳಬೇಕು. ವಿನ್ಯಾಸದ ಓದಿಗಾಗಿ ಐಐಟಿ ಬಾಂಬೆ ನಡೆಸುವ ಪ್ರವೇಶ ಪರೀಕ್ಷೆಗಳನ್ನೇ ನೋಡಿ. ಪದವಿಗಾಗಿ ಬರೆಯುವ ಯುಸೀಡ್‌ನಲ್ಲಿ ಅಂಕಗಳೇ ಪ್ರವೇಶವನ್ನು ನಿರ್ಧರಿಸುತ್ತವೆ. ಸ್ನಾತಕೋತ್ತರ ಪದವಿಗಾಗಿ ಬರೆಯುವ ಸೀಡ್‌ನ ನಂತರ ಆಯಾ ಸಂಸ್ಥೆಗಳು ತಮ್ಮದೇ ಸಂದರ್ಶನ ಅಥವಾ ಪರೀಕ್ಷೆ ನಡೆಸುತ್ತವೆ, ಅಲ್ಲಿ ಪೋರ್ಟ್‌ಫೋಲಿಯೊ ಮಹತ್ವ ಪಡೆಯುತ್ತದೆ. ಪ್ರವೇಶ ಸಮಿತಿ ಹುಡುಕುವುದು ಕುತೂಹಲವನ್ನು, ಯೋಚನೆಯ ಜಾಡನ್ನು. ಕೆಲಸ ಕೊಡುವ ಸ್ಟುಡಿಯೊಗೆ ಬೇಕಿರುವುದು ಈ ವ್ಯಕ್ತಿ ಬರುವ ಸೋಮವಾರದಿಂದ ತಮ್ಮ ಜೊತೆ ಕೂತು ಕೆಲಸ ಮಾಡಬಲ್ಲರೇ ಎಂಬ ಭರವಸೆ. ಎರಡಕ್ಕೂ ಒಂದೇ ಸಲಹೆ ಕೊಡುವ ತಾಣ ಎರಡೂ ಕಡೆ ದಾರಿ ತಪ್ಪಿಸುತ್ತದೆ.

ವಿಷಯವಾರು ಬೇಡ, ಹಂತವಾರು ಜೋಡಿಸಿ

ಎರಡನೆಯ ಹೆಜ್ಜೆ ಸಾಮಗ್ರಿಯ ವಿಂಗಡಣೆ. ಗ್ರಾಫಿಕ್ಸ್, ಉತ್ಪನ್ನ ವಿನ್ಯಾಸ, ಜವಳಿ, ಅನಿಮೇಷನ್ ಎಂದು ವಿಭಾಗಿಸುವುದು ಸಹಜವಾಗಿ ಕಂಡರೂ, ತೊಡಕಿನಲ್ಲಿರುವ ವಿದ್ಯಾರ್ಥಿ ಹುಡುಕುವುದು ತನ್ನ ವಿಷಯವನ್ನಲ್ಲ, ತಾನಿರುವ ಹಂತವನ್ನು. ಆದ್ದರಿಂದ ಕೆಲಸಗಳನ್ನು ಆರಿಸುವುದು, ಅವುಗಳ ಬಗ್ಗೆ ಬರೆಯುವುದು, ಪುಟ ಜೋಡಿಸುವುದು, ಕಳುಹಿಸುವುದು ಎಂಬ ನಾಲ್ಕು ಬಾಗಿಲುಗಳು ಸಾಕು. ಒಂದೊಂದರ ಒಳಗೂ ಐದಾರಕ್ಕಿಂತ ಹೆಚ್ಚು ಸಾಮಗ್ರಿ ಇರಕೂಡದು. ಹೊಸದೊಂದು ಒಳಬರಬೇಕಾದರೆ ಹಳೆಯದೊಂದು ಹೊರಹೋಗಬೇಕು ಎಂಬ ನಿಯಮವನ್ನು ಮೊದಲ ದಿನವೇ ಮಾಡಿಕೊಳ್ಳುವುದು ಒಳಿತು.

ಪ್ರತಿ ಸಾಮಗ್ರಿಯ ಕೆಳಗೆ ಎರಡು ಸಾಲಿನ ಟಿಪ್ಪಣಿ ಇರಲಿ: ಇದು ಯಾರಿಗೆ, ಎಷ್ಟು ಹೊತ್ತು ಹಿಡಿಯುತ್ತದೆ, ಹಣ ಕೊಡಬೇಕೇ, ಯಾವ ಭಾಷೆಯಲ್ಲಿದೆ, ಕೊನೆಯ ಬಾರಿ ಪರಿಶೀಲಿಸಿದ್ದು ಯಾವಾಗ ಎಂದು. ತಂತ್ರಾಂಶಗಳನ್ನು ಸೂಚಿಸುವಾಗ ದುಬಾರಿ ಚಂದಾ ಕಟ್ಟಲಾಗದವರನ್ನು ಮರೆಯುವಂತಿಲ್ಲ. ವೆಕ್ಟರ್ ಚಿತ್ರಗಳಿಗೆ ಇಂಕ್‌ಸ್ಕೇಪ್, ಡಿಜಿಟಲ್ ಚಿತ್ರರಚನೆಗೆ ಕ್ರಿಟಾ, ಪುಟವಿನ್ಯಾಸಕ್ಕೆ ಸ್ಕ್ರೈಬಸ್, ಪರದೆಯ ವಿನ್ಯಾಸಕ್ಕೆ ಪೆನ್‌ಪಾಟ್, ಮೂರು ಆಯಾಮದ ಕೆಲಸಕ್ಕೆ ಬ್ಲೆಂಡರ್ ಇವೆ. ಇವೆಲ್ಲವೂ ಉಚಿತವಾಗಿ ಬಳಸಬಹುದಾದ ಮುಕ್ತ ತಂತ್ರಾಂಶಗಳು.

ತಾಣದ ಜೀವಾಳ: ಟಿಪ್ಪಣಿ ಸಹಿತ ಮಾದರಿಗಳು

ಮೂರನೆಯ ಹೆಜ್ಜೆಗೆ ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಮೀಸಲಿಡಬೇಕು. 2005ರಲ್ಲಿ ಆರಂಭವಾಗಿ 2012ರಲ್ಲಿ ಅಡೋಬಿ ಸಂಸ್ಥೆಯ ಪಾಲಾದ ಬಿಹ್ಯಾನ್ಸ್‌ನಂಥ ತಾಣಗಳಲ್ಲಿ ವಿನ್ಯಾಸಕರು ಪ್ರದರ್ಶನಕ್ಕಿಟ್ಟ, ಪೂರ್ಣಗೊಳಿಸಿ ಹೊಳಪು ಕೊಟ್ಟ ಕೆಲಸಗಳಿಗೆ ಬರವಿಲ್ಲ. ಅಲ್ಲಿ ಸುಲಭಕ್ಕೆ ಸಿಗದಿರುವುದು ಅದೇ ಪುಟದ ಮೊದಲ ಕರಡು. ನಮ್ಮ ತಾಣ ಅದನ್ನು ಕೊಡಬೇಕು. ಇತ್ತೀಚೆಗೆ ಓದು ಮುಗಿಸಿದ ಐದಾರು ಮಂದಿಯಿಂದ ಪೋರ್ಟ್‌ಫೋಲಿಯೊದ ಮೊದಲ ಕರಡನ್ನೂ ಕೊನೆಯ ರೂಪವನ್ನೂ ಪಡೆದು ಅಕ್ಕಪಕ್ಕ ಇಟ್ಟು, ಬದಲಾದ ಪ್ರತಿ ಜಾಗದಲ್ಲೂ ಏಕೆ ಬದಲಾಯಿಸಿದೆ ಎಂದು ಅವರಿಂದಲೇ ಅಂಚಿನಲ್ಲಿ ಬರೆಸಬೇಕು. ಒಲ್ಲೆನೆನ್ನುವವರು ಇದ್ದೇ ಇರುತ್ತಾರೆ, ಹಳೆಯ ಕರಡನ್ನು ತೋರಿಸುವುದು ಯಾರಿಗೂ ಹಿತವಲ್ಲ. ಒಬ್ಬರು ಒಪ್ಪಿದರೆ ಉಳಿದವರ ಸಂಕೋಚ ತಾನಾಗಿ ಕರಗುತ್ತದೆ. ಆ ಮೊದಲಿಗರು ಅಧ್ಯಾಪಕರೇ ಆದರೆ ಇನ್ನೂ ಚೆನ್ನ.

ಬರವಣಿಗೆಯ ವಿಭಾಗಕ್ಕೆ ಒಳ್ಳೆಯ ಮಾದರಿಯೊಂದು ಭಾರತದ ವಿನ್ಯಾಸ ಶಿಕ್ಷಣದ ಚರಿತ್ರೆಯಲ್ಲೇ ಇದೆ. ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಭಾರತ ಸರ್ಕಾರಕ್ಕೆ ವರದಿಯೊಂದನ್ನು ಕೊಟ್ಟರು; 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಲು ಅದು ಕಾರಣವಾಯಿತು. ಆ ವರದಿಯಲ್ಲಿ ಅವರು ನಮ್ಮ ಮನೆಮನೆಯ ಚೊಂಬನ್ನು ಎತ್ತಿಕೊಂಡು, ಅದನ್ನು ರೂಪಿಸಬೇಕಾದವರು ಕೇಳಿಕೊಳ್ಳಬೇಕಾದ ಪ್ರಶ್ನೆಗಳನ್ನು ಪಟ್ಟಿ ಮಾಡುತ್ತಾರೆ. ಎಷ್ಟು ನೀರು ಹಿಡಿಯಬೇಕು, ಹೊರುವ ಕೈ ಎಷ್ಟು ದೊಡ್ಡದು, ಹೊರುವುದು ತಲೆಯ ಮೇಲೋ ಸೊಂಟದ ಮೇಲೋ, ತುಂಬಿದಾಗಲೂ ಬರಿದಾದಾಗಲೂ ಸಮತೋಲ ಹೇಗಿರುತ್ತದೆ, ತಾಗಿದಾಗ ಯಾವ ಸದ್ದು ಬರುತ್ತದೆ, ಬೆಲೆ ಎಷ್ಟಾಗುತ್ತದೆ ಎಂದು ಅವು ಸಾಗುತ್ತವೆ. ಚೊಂಬು ಚೆಂದವಾಗಿದೆ ಎಂಬ ಹೊಗಳಿಕೆಗಿಂತ ಈ ಪ್ರಶ್ನೆಗಳೇ ಅದರ ಚೆಲುವಿನ ಕಾರಣವನ್ನು ಹೆಚ್ಚು ತಿಳಿಸುತ್ತವೆ. ತನ್ನ ಕೆಲಸದ ಬಗ್ಗೆ ಇಂಥದೇ ಹತ್ತು ಪ್ರಶ್ನೆಗಳನ್ನು ಬರೆದುಕೊಂಡು, ಮುಖ್ಯವಾದ ಮೂರಕ್ಕೆ ಉತ್ತರಿಸುವ ಅಭ್ಯಾಸ ಹಾಳೆಯೊಂದನ್ನು ತಾಣದಲ್ಲಿ ಇಟ್ಟರೆ ವಿದ್ಯಾರ್ಥಿಯ ಬರಹಕ್ಕೆ ಬೆನ್ನೆಲುಬು ಸಿಗುತ್ತದೆ.

ಉದಾಹರಣೆಗೆ ಬಸ್ ನಿಲ್ದಾಣದ ವೇಳಾಪಟ್ಟಿಯ ಫಲಕವನ್ನು ಮರುವಿನ್ಯಾಸ ಮಾಡಿದ ವಿದ್ಯಾರ್ಥಿಯ ಕರಡಿನಲ್ಲಿ ಸಾಮಾನ್ಯವಾಗಿ 'ಬಳಕೆದಾರಸ್ನೇಹಿಯಾದ ಆಧುನಿಕ ಫಲಕವನ್ನು ವಿನ್ಯಾಸಗೊಳಿಸಲಾಗಿದೆ' ಎಂಬ ವಾಕ್ಯವಿರುತ್ತದೆ. ಯಾವ ಫಲಕಕ್ಕೂ ಹೊಂದುವ ಈ ಮಾತು ಯಾವ ಫಲಕದ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. 'ಸಂಜೆಯ ಮಬ್ಬಿನಲ್ಲಿ ಫಲಕ ಓದಲಾಗದೆ ಹಿರಿಯರು ಪ್ರತಿ ಬಸ್ಸಿನ ಕಂಡಕ್ಟರನ್ನೂ ಕೇಳುತ್ತಿದ್ದರು. ಊರಿನ ಹೆಸರನ್ನು ದೊಡ್ಡದು ಮಾಡಿ, ಹೊರಡುವ ಸಮಯವನ್ನು ಅದರ ಪಕ್ಕಕ್ಕೇ ತಂದೆ. ಮೊದಲ ಮಾದರಿಯಲ್ಲಿ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗಿದ್ದರಿಂದ ಸಾಲುಗಳ ಅಂತರ ಹೆಚ್ಚಿಸಬೇಕಾಯಿತು' ಎಂದು ತಿದ್ದಿ ಬರೆದಾಗ ಓದುವವರಿಗೆ ಒಬ್ಬ ವಿನ್ಯಾಸಕ ಕಾಣತೊಡಗುತ್ತಾನೆ. ಇಂಥ ಐದಾರು ಜೋಡಿಗಳು ತಾಣದಲ್ಲಿರಲಿ. ಗುಂಪಿನಲ್ಲಿ ಮಾಡಿದ ಕೆಲಸಕ್ಕೆ, ತಾನು ಮಾಡಿದ್ದೇನು, ಉಳಿದವರು ಮಾಡಿದ್ದೇನು ಎಂದು ಹೇಳುವ ಒಂದು ಸಾಲಿನ ಮಾದರಿಯೂ ಇರಲಿ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಮೊದಲ ಬರಹವನ್ನು ಕನ್ನಡದಲ್ಲೇ ಬರೆಯಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೈಸೂರಿನ ಕಾವಾದಲ್ಲೋ (ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ) ಹುಬ್ಬಳ್ಳಿ, ಕಲಬುರಗಿಯ ಕಲಾಶಾಲೆಗಳಲ್ಲೋ ಪಳಗಿದ ಕೈ ಇಂಗ್ಲಿಷ್ ವಾಕ್ಯದ ಮುಂದೆ ತಡವರಿಸಿದರೆ ಅದು ಯೋಚನೆಯ ಕೊರತೆಯಲ್ಲ. ಏನು ಹೇಳಬೇಕೆಂಬುದು ಕನ್ನಡದಲ್ಲಿ ಸ್ಪಷ್ಟವಾದ ಮೇಲೆ ಇಂಗ್ಲಿಷಿಗೆ ತರುವುದು ಅರ್ಧ ದಿನದ ಕೆಲಸ. ಅದಕ್ಕಾಗಿ ಎರಡೂ ಭಾಷೆಗಳ ಮಾದರಿಗಳು ಒಂದೇ ಪುಟದಲ್ಲಿ ಎದುರುಬದುರು ಇರಬೇಕು.

ತಾಂತ್ರಿಕ ಮಾತು, ಸಂಕ್ಷಿಪ್ತವಾಗಿ

ಆರಂಭಕ್ಕೆ ದೊಡ್ಡ ವೆಚ್ಚವೇನೂ ಬೇಡ. ಗಿಟ್‌ಹಬ್ ಪೇಜಸ್‌ನಂಥ ಉಚಿತ ಸೇವೆಯಲ್ಲಿ 1 ಜಿಬಿವರೆಗಿನ ಸರಳ ತಾಣವನ್ನು ಇಡಬಹುದು; ಚಿತ್ರಗಳನ್ನು ಕಡಿಮೆ ಜಾಗ ಹಿಡಿಯುವ ವೆಬ್‌ಪಿ ರೂಪಕ್ಕೆ ಇಳಿಸಿದರೆ ಅಷ್ಟು ಜಾಗ ಧಾರಾಳವಾಗುತ್ತದೆ. ಹೆಚ್ಚಿನವರು ತಾಣವನ್ನು ಮೊಬೈಲಿನಲ್ಲಿ, ತಮ್ಮ ಡೇಟಾ ಖರ್ಚಿನಲ್ಲಿ ನೋಡುತ್ತಾರೆ ಎಂಬುದು ನೆನಪಿರಲಿ. ಕನ್ನಡ ಪಠ್ಯ ಕಡ್ಡಾಯವಾಗಿ ಯೂನಿಕೋಡ್‌ನಲ್ಲೇ ಇರಬೇಕು, ಏಕೆಂದರೆ ಹಳೆಯ ಆಸ್ಕಿ ಆಧಾರಿತ ಫಾಂಟುಗಳಲ್ಲಿ ಬರೆದದ್ದು ಹುಡುಕಾಟಕ್ಕೆ ಸಿಗುವುದಿಲ್ಲ, ನಕಲು ಮಾಡಿದರೆ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ. ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ, ಟೀರೊ ಕನ್ನಡ ಎಂಬ ಯೂನಿಕೋಡ್ ಫಾಂಟುಗಳೆಲ್ಲ ಮುಕ್ತ ಪರವಾನಗಿಯಲ್ಲಿ ದೊರೆಯುತ್ತವೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಕಾಂಟ್ರಾಸ್ಟ್, ಅಂದರೆ ತಿಳಿ-ಗಾಢಗಳ ಅನುಪಾತ, ಕನಿಷ್ಠ 4.5:1 ಇರಬೇಕೆಂದು ಜಾಲತಾಣಗಳ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ತಿಳಿಬೂದು ಅಕ್ಷರಗಳ ಮೇಲೆ ವಿನ್ಯಾಸಕರಿಗಿರುವ ಮೋಹಕ್ಕೆ ಇದೊಂದು ಅಂಕುಶ.

ಹಕ್ಕು ಮತ್ತು ಒಪ್ಪಿಗೆ

ಮಾದರಿಗಳನ್ನು ಏರಿಸುವ ಮೊದಲು ಪ್ರತಿಯೊಬ್ಬರಿಂದ ಬರಹದ ಒಪ್ಪಿಗೆ ಪಡೆಯುವುದು ನಾಲ್ಕನೆಯ ಹೆಜ್ಜೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕೃತಿಯ ಮೊದಲ ಒಡೆತನ ಸಾಮಾನ್ಯವಾಗಿ ರಚಿಸಿದವರದ್ದು. ಆದರೆ ನೌಕರಿಯ ಭಾಗವಾಗಿ ಮಾಡಿದ ಕೆಲಸ, ಬೇರೆ ಕರಾರು ಇಲ್ಲದಿದ್ದರೆ, ಕೆಲಸ ಕೊಟ್ಟವರಿಗೆ ಸೇರುತ್ತದೆ. ಇಂಟರ್ನ್‌ಶಿಪ್‌ನಲ್ಲಿ ಮಾಡಿದ್ದನ್ನು ಸಂಸ್ಥೆಯ ಅನುಮತಿಯಿಲ್ಲದೆ ತೋರಿಸಬಾರದು ಎಂಬ ಎಚ್ಚರಿಕೆ ಪುಟದ ಮೇಲ್ಭಾಗದಲ್ಲೇ ಇರಬೇಕು. ಕರಕುಶಲ ಕಲೆಯ ಜೊತೆಗಿನ ಕೆಲಸಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಚನ್ನಪಟ್ಟಣದ ಅರಗಿನ ಬಣ್ಣದ ಆಟಿಕೆಯನ್ನೋ ಕಸೂತಿಯ ಗವಂತಿ, ಮುರ್ಗಿ ಹೊಲಿಗೆಗಳನ್ನೋ ಆಧರಿಸಿದ ಪ್ರಾಜೆಕ್ಟಿನಲ್ಲಿ ವಿದ್ಯಾರ್ಥಿಯ ಹೆಸರು ದಪ್ಪಕ್ಷರದಲ್ಲಿದ್ದು, ಮಾಡಿಕೊಟ್ಟವರು ಕೇವಲ 'ಸ್ಥಳೀಯ ಕುಶಲಕರ್ಮಿ' ಆಗಿಬಿಡುವುದನ್ನು ಪದೇ ಪದೇ ಕಾಣುತ್ತೇವೆ. ಅವರ ಒಪ್ಪಿಗೆ ಪಡೆದು ಹೆಸರು ಹಾಕುವ ಜಾಗವನ್ನು ತಾಣದ ಮಾದರಿ ಪುಟದಲ್ಲೇ ಮಾಡಿಟ್ಟರೆ ಯಾರೂ ಮರೆಯುವುದಿಲ್ಲ.

ವಿಮರ್ಶೆಯ ಏರ್ಪಾಡು, ಆಮೇಲೆ ಮೇಲ್ವಿಚಾರಣೆ

ತಿಂಗಳಿಗೊಮ್ಮೆ ಮೂವರು ವಿದ್ಯಾರ್ಥಿಗಳ ಪೋರ್ಟ್‌ಫೋಲಿಯೊಗಳನ್ನು ವೃತ್ತಿಯಲ್ಲಿರುವ ಒಬ್ಬರು ಆನ್‌ಲೈನಿನಲ್ಲಿ ನೋಡಿ ಮಾತಾಡುವ ಏರ್ಪಾಡು ಸಾಕು. ಹೆಚ್ಚು ಮಾಡಹೋದರೆ ಮೂರನೆಯ ತಿಂಗಳಿಗೆ ನಿಂತುಹೋಗುತ್ತದೆ. ವಿಮರ್ಶಕರು ಮೊದಲ ಎರಡು ನಿಮಿಷ ಏನನ್ನೂ ಕೇಳದೆ ಪುಟಗಳನ್ನು ತಿರುವಿ, ತಮಗೆ ಅರ್ಥವಾದದ್ದನ್ನು ಹೇಳಲಿ. ವಿದ್ಯಾರ್ಥಿ ಬಾಯಿಮಾತಿನಲ್ಲಿ ವಿವರಿಸಬೇಕಾದದ್ದೆಲ್ಲ ಪುಟದಲ್ಲಿ ಇಲ್ಲದ್ದೇ ಎಂಬುದು ಆಗ ಇಬ್ಬರಿಗೂ ಗೊತ್ತಾಗುತ್ತದೆ. ಒಪ್ಪಿಗೆ ಇದ್ದರೆ ಆ ಮಾತುಕತೆಯ ಸಾರವನ್ನು ತಾಣಕ್ಕೆ ಸೇರಿಸಬಹುದು.

ಕೊನೆಯದಾಗಿ, ಪ್ರತಿ ಶೈಕ್ಷಣಿಕ ವರ್ಷದ ಆರಂಭದಲ್ಲಿ ಇಬ್ಬರು ಕೂತು ಎಲ್ಲ ಲಿಂಕುಗಳನ್ನೂ ಒತ್ತಿ ನೋಡಿ, ಸತ್ತವನ್ನು ತೆಗೆದು, ಪರಿಶೀಲನೆಯ ದಿನಾಂಕವನ್ನು ಬದಲಿಸಬೇಕು. ತಮ್ಮ ಹಳೆಯ ಕೆಲಸವನ್ನು ಇಳಿಸಿ ಎಂದು ಯಾರಾದರೂ ಕೇಳಿದರೆ ಕಾರಣ ಕೇಳದೆ ವಾರದೊಳಗೆ ಇಳಿಸಬೇಕು. ತಾಣದ ಪಾಸ್‌ವರ್ಡು ಒಬ್ಬರ ಖಾಸಗಿ ಇಮೇಲಿಗೆ ಸೇರಿಕೊಂಡಿದ್ದರೆ ಅವರು ಓದು ಮುಗಿಸಿ ಹೋದ ದಿನವೇ ಈ ಎಲ್ಲ ಶ್ರಮಕ್ಕೂ ಬೀಗ ಬೀಳುತ್ತದೆ. ಆದ್ದರಿಂದ ಅದನ್ನು ವಿಭಾಗದ ಖಾತೆಗೆ ವರ್ಗಾಯಿಸಿ, ಮುಂದಿನ ಬ್ಯಾಚಿನ ಇಬ್ಬರಿಗೆ ಬಳಕೆಯ ಕ್ರಮವನ್ನು ಕೂರಿಸಿ ಕಲಿಸಿಕೊಡಿ.