ಪೇಜ್ ಕಳಿಸಿದ ಮೇಲೆ ಶುರುವಾಗುವ ಕೆಲಸ

1997-98ರಲ್ಲಿ ನಾನು ನ್ಯೂಜೆರ್ಸಿಯ ಒಂದು ಅಲಾರ್ಮ್ ಮಾನಿಟರಿಂಗ್ ಸೆಂಟರಿನಲ್ಲಿ ನೈಟ್ ಶಿಫ್ಟ್ ಮಾಡುತ್ತಿದ್ದೆ. ಮನೆ, ಅಂಗಡಿಗಳ ಅಲಾರ್ಮ್ ಪ್ಯಾನೆಲ್ ಫೋನ್ ಲೈನಿನಲ್ಲೇ ಡಯಲ್ ಮಾಡಿ ನಮಗೆ ಕೋಡ್ ಕಳಿಸುತ್ತಿತ್ತು. 110 ಅಂದರೆ ಬೆಂಕಿ, 130 ಅಂದರೆ ಕಳ್ಳತನದ ಅಲಾರ್ಮ್. ಇವೆರಡಕ್ಕೆ ಮೊದಲು ಫೋನು, ಫೈರ್ ಸ್ಟೇಷನ್, ಪೊಲೀಸು; ಪೇಜರ್ (ಕಳಿಸಿದ ಸಂದೇಶ, ಅಂದರೆ ಪೇಜ್, ತೋರಿಸುವ ಪುಟ್ಟ ಜೇಬುಯಂತ್ರ) ಆಮೇಲೆ. 301 ಕರೆಂಟ್ ಹೋಗಿದ್ದು, 302 ಬ್ಯಾಟರಿ ಇಳಿದಿದ್ದು. ಇಂಥವೇ ಟೆಕ್ನಿಷಿಯನ್ನರ ಪೇಜರಿಗೆ ಹೋಗುತ್ತಿದ್ದವು.

ಅವರ ಪೇಜರ್‌ಗಳಲ್ಲಿ ಬರೀ ಅಂಕಿ ಕಾಣುತ್ತಿತ್ತು. ಪೇಜರಿನ ನಂಬರಿಗೆ ಡಯಲ್ ಮಾಡಿ, ಬೀಪ್ ಕೇಳಿದ ಮೇಲೆ ನಮ್ಮ ನಂಬರ್, ಗಿರಾಕಿಯ ಅಕೌಂಟ್ ನಂಬರ್, ಕೋಡ್, ಕೊನೆಗೆ ಹ್ಯಾಷ್ ಒತ್ತುತ್ತಿದ್ದೆ. ತುರ್ತಾದರೆ ಬಾಲಕ್ಕೆ 911, ಅಮೆರಿಕದ ತುರ್ತು ನಂಬರ್. ನಮ್ಮ ನಂಬರಿನ ಹತ್ತೂ ಅಂಕಿ ಒತ್ತಲೇಬೇಕಿತ್ತು: 1997ರಲ್ಲಿ 201ರಿಂದ 973, 908ರಿಂದ 732 ಏರಿಯಾ ಕೋಡ್ (ನಂಬರಿನ ಮೊದಲ ಮೂರಂಕಿ) ಬೇರೆಯಾಗಿದ್ದವು. ಏಳೇ ಅಂಕಿ ನೋಡಿದವನು ಇನ್ಯಾರದೋ ಮನೆಯವರನ್ನು ನಡುರಾತ್ರಿ ಎಬ್ಬಿಸುತ್ತಿದ್ದ.

ಪೇಜ್ ತಲುಪಿತೋ ಇಲ್ಲವೋ ತಿಳಿಯುವ ದಾರಿಯೇ ಇರಲಿಲ್ಲ. ಆತ ನೆಲಮಾಳಿಗೆಯಲ್ಲಿರಬಹುದು, ಪೇಜರಿನ ಸೆಲ್ ಮುಗಿದಿರಬಹುದು. ಹಾಗಾಗಿ ಕಳಿಸಿದ ಹೊತ್ತು ಬರೆದಿಟ್ಟು ಗಡಿಯಾರ ನೋಡುತ್ತಿದ್ದೆ. ಹತ್ತು ನಿಮಿಷಕ್ಕೆ ಇನ್ನೊಂದು ಪೇಜ್, ಮತ್ತೂ ಸದ್ದಿಲ್ಲದಿದ್ದರೆ ಪಟ್ಟಿಯಲ್ಲಿರುವ ಮುಂದಿನವನಿಗೆ. ಟೆಕ್ನಿಷಿಯನ್ನನ ಕಾಲ್‌ಬ್ಯಾಕ್, ಅಂದರೆ ವಾಪಸ್ ಫೋನ್, ಬರುವವರೆಗೆ ಆ ಟಿಕೆಟ್ (ಆ ಸಿಗ್ನಲ್ಲಿನ ದಾಖಲೆ) ಮುಚ್ಚುವ ಹಾಗಿಲ್ಲ. ಶಿಫ್ಟ್ ಮುಗಿದರೆ ಮುಂದಿನವರಿಗೆ ಬಾಯಲ್ಲಿ ಹೇಳಿಯೇ ಹೋಗುತ್ತಿದ್ದೆ. ಸ್ಕ್ರೀನ್ ಮೇಲಿದೆಯಲ್ಲ ಅಂತ ಬಿಟ್ಟುಹೋಗುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

ಕಾಲ್‌ಬ್ಯಾಕ್ ಬಂದಾಗ ಅಕೌಂಟ್ ನಂಬರನ್ನು ನಾನಾಗಿ ಹೇಳುತ್ತಿರಲಿಲ್ಲ. "ನಿಮ್ಮ ಪೇಜರಿನಲ್ಲಿ ಏನಿದೆ, ಓದಿ" ಅನ್ನುತ್ತಿದ್ದೆ. ಓದಿದ್ದು ನನ್ನ ಟಿಕೆಟ್ಟಿಗೆ ಹೊಂದಬೇಕು, ಆಮೇಲೆ ಅವರ ಐಡಿ ಹೇಳಬೇಕು. "ಅವನು ಸ್ನಾನಕ್ಕೆ ಹೋಗಿದ್ದಾನೆ, ನನಗೇ ಹೇಳಿ" ಅಂದವರಿಗೆ ಒಂದೇ ಉತ್ತರ: ಬಂದ ಮೇಲೆ ಅವನೇ ಫೋನ್ ಮಾಡಲಿ. ಗಿರಾಕಿಯೇ ಮಾತಾಡಿದರೆ ಪಾಸ್‌ವರ್ಡ್. ಕೆಲವರು ಬೆದರಿಕೆಯಲ್ಲಿದ್ದಾಗ ಹೇಳಲೆಂದೇ ಇನ್ನೊಂದು ಪದ ಕೊಟ್ಟಿರುತ್ತಿದ್ದರು. ಅದು ಕಿವಿಗೆ ಬಿದ್ದರೆ ದನಿ ಒಂದಿಷ್ಟೂ ಬದಲಾಗಬಾರದು. "ಥ್ಯಾಂಕ್ಯೂ, ಗುಡ್ ನೈಟ್" ಅಂತ ಇಟ್ಟು ಪೊಲೀಸರಿಗೆ ಫೋನ್. ಈ ನಟನೆ ಕಲಿಯಲು ನನಗೆ ಬಹಳ ಕಾಲ ಹಿಡಿಯಿತು.

ಟೆಕ್ನಿಷಿಯನ್ ರಿಪೇರಿಗೆ ನಿಂತಾಗ ಅಕೌಂಟನ್ನು ಟೆಸ್ಟಿಗೆ ಹಾಕುವಂತೆ ಕೇಳುತ್ತಾನೆ. ಎಷ್ಟು ಹೊತ್ತು ಅಂತ ಕೇಳದೆ ಹಾಕುತ್ತಿರಲಿಲ್ಲ. ಟೆಸ್ಟಿನಲ್ಲಿರುವಾಗ ನಿಜವಾದ ಅಲಾರ್ಮ್ ಬಂದರೂ ನಾವು ಕದಲುವುದಿಲ್ಲವಲ್ಲ!

ಬಿರುಗಾಳಿಯ ರಾತ್ರಿ 301ಗಳು ಸಾಲುಸಾಲಾಗಿ ಬೀಳುತ್ತಿದ್ದವು. ಒಂದೊಂದಕ್ಕೂ ಪೇಜ್ ಕಳಿಸಿದರೆ ಟೆಕ್ನಿಷಿಯನ್ ಪೇಜರನ್ನೇ ಆರಿಸಿ ಮಲಗುತ್ತಾನೆ. ಕರೆಂಟ್ ಬಂದ ಸಿಗ್ನಲ್ಲಿಗೆ ಕಾಯುತ್ತಿದ್ದೆ. ಅದೇ ಅಕೌಂಟಿನಿಂದ 302 ಬಂದರೆ ಮಾತ್ರ ಪೇಜ್. ಹಾಗೆ ಬಂದವನ್ನು ಏರಿಯಾವಾರು ಸೇರಿಸಿ, ಒಬ್ಬನಿಗೆ ಒಂದೇ ಪೇಜ್. ಕಾಲ್‌ಬ್ಯಾಕಿನಲ್ಲಿ ಪೂರ್ತಿ ಪಟ್ಟಿ.

1998ರ ಮೇ 19ರಂದು ಯಾರೂ ವಾಪಸ್ ಕರೆಯಲಿಲ್ಲ. ಎರಡನೆಯವನಿಲ್ಲ, ಮೂರನೆಯವನಿಲ್ಲ. ಪೇಜ್‌ಗಳನ್ನು ಸಾಗಿಸುತ್ತಿದ್ದ ಗ್ಯಾಲಕ್ಸಿ 4 ಉಪಗ್ರಹ ಕೆಟ್ಟು ಅಮೆರಿಕದ ಬಹುಪಾಲು ಪೇಜರ್‌ಗಳು ಮೂಕವಾಗಿದ್ದವು. ಟೆಕ್ನಿಷಿಯನ್ನರ ಮನೆ ನಂಬರುಗಳ ಹಾಳೆಯೊಂದನ್ನು ಬಿಡುವಿದ್ದಾಗ ತಿದ್ದಿ ಇಟ್ಟುಕೊಂಡಿದ್ದೆ. ಅದನ್ನು ಹಿಡಿದು ಒಬ್ಬೊಬ್ಬರ ಮನೆಗೇ ಡಯಲ್ ಮಾಡಿದೆ. ಹೆಂಡತಿಯರು ಬೈದರು, ಗಂಡಂದಿರು ಎದ್ದರು. ಪೇಜರ್ ಸರಿಹೋದ ಮೇಲೂ ಕೆಲವು ದಿನ ಪೇಜಿನ ಹಿಂದೆಯೇ ಮನೆಗೂ ಫೋನ್ ಮಾಡುತ್ತಿದ್ದೆವು.