ಕರೆಂಟ್ ಹೋದರೆ ಗಾಬರಿ ಬೇಡ: ವಿಮ್ ಬಳಸುವವರಿಗೆ

ಮಳೆ ಶುರುವಾಯಿತು. ಮಡಿಕೇರಿ, ಸೋಮವಾರಪೇಟೆ ಕಡೆ ಮನೆಯಲ್ಲೇ ಕೋಡ್ ಬರೆಯುವವರಿಗೆ ಇನ್ನು ಕರೆಂಟಿನದ್ದೇ ಚಿಂತೆ, ಅಲ್ವಾ?

ಕೋಡ್, ಟಿಪ್ಪಣಿ ಬರೆಯುವ ತಂತ್ರಾಂಶವಾದ ವಿಮ್‌ನಲ್ಲಿ (Vim) ನೀವು ಬರೆಯುತ್ತಿರುವಾಗಲೇ ಪಕ್ಕದಲ್ಲಿ ಒಂದು ಸ್ವಾಪ್ ಫೈಲ್, ಅಂದರೆ ಸೇವ್ ಮಾಡದ ಬರಹವನ್ನು ಕಾಯುವ ತಾತ್ಕಾಲಿಕ ಫೈಲ್, ಇರುತ್ತದೆ. 200 ಅಕ್ಷರ ಒತ್ತಿದ ಮೇಲೆ, ಇಲ್ಲವೇ 4 ಸೆಕೆಂಡ್ ಕೈ ನಿಂತರೆ, ಬರೆದದ್ದು ಅದಕ್ಕೆ ಸೇರುತ್ತದೆ. ಹೋದ ಕಕ್ಕಡದಲ್ಲಿ (ಕೊಡವರ ಮಳೆಗಾಲದ ತಿಂಗಳು) ತೋಟದ ಕೂಲಿ ಲೆಕ್ಕ ಬರೆಯುತ್ತಿದ್ದಾಗ ಕಂಪ್ಯೂಟರ್ ಆಫ್ ಆಯಿತು. ಕೊನೆಯ ಒಂದು ಸಾಲು ಬಿಟ್ಟು ಎಲ್ಲ ಸಿಕ್ಕಿತು. ಎಷ್ಟು ಸಮಾಧಾನ ಆಯಿತು ಗೊತ್ತಾ!

ಮತ್ತೆ ಅದೇ ಫೈಲ್ ತೆರೆದಾಗ ದೊಡ್ಡ ಎಚ್ಚರಿಕೆ ಬರುತ್ತದೆ. ಹೆದರಬೇಡಿ, ಸುಮ್ನೆ 'ಆರ್' (R) ಒತ್ತಿ, ಸ್ವಾಪ್ ಫೈಲಿನಲ್ಲಿದ್ದದ್ದು ವಾಪಸ್ ಬರುತ್ತದೆ. 'ಡಿ' ಮಾತ್ರ ಒತ್ತಬೇಡಿ, ಸ್ವಾಪ್ ಫೈಲೇ ಅಳಿಸಿಹೋಗುತ್ತದೆ. ಸಿಕ್ಕಿದ್ದನ್ನು ಬೇರೆ ಹೆಸರಲ್ಲಿ ಸೇವ್ ಮಾಡಿ, ಹಳೆಯದರ ಜೊತೆ ತಾಳೆ ನೋಡಿ. ಸರಿಯಿದ್ದರೆ ಆಮೇಲೆ ಸ್ವಾಪ್ ಫೈಲ್ ತೆಗೆಯಿರಿ. ಇಲ್ಲದಿದ್ದರೆ ಪ್ರತಿ ಸಲ ಅದೇ ಎಚ್ಚರಿಕೆ ಬರುತ್ತಿರುತ್ತದೆ.

ಇನ್ನೊಂದು ವಿಷಯ. ಅದೇ ಫೈಲ್ ಬೇರೆ ಕಿಟಕಿಯಲ್ಲಿ ತೆರೆದಿದ್ದರೂ ಈ ಎಚ್ಚರಿಕೆ ಬರುತ್ತದೆ. ಮೊದಲು ಅದನ್ನು ನೋಡಿಕೊಳ್ಳಿ. ಹಾಗಿದ್ದರೆ 'ಕ್ಯೂ' ಒತ್ತಿ ಹೊರಗೆ ಬನ್ನಿ.